ಬೆಲ್ಲದ ಪೊಟ್ಟಣದಲ್ಲಿ ಬಂದ ಕಿನ್ಲಾಕ್

1961ನೆಯ ಇಸವಿ ನವೆಂಬರ್ 18, ಶನಿವಾರ. ಆಧಾರ: ನನ್ನದೇ ಕೈಬರಹದ, ನೀಲಿ ರಟ್ಟಿನ ಒಂದು ನೋಟುಪುಸ್ತಕ, ಪುಟ ಒಂದು. ಆ ತೇದಿಗೆ ಶನಿವಾರವೇ ಬರುತ್ತದೆಯೇ ಎಂದು ಆ ವರ್ಷದ ಪಂಚಾಂಗವನ್ನು ತೆಗೆದು ನೋಡಿದ್ದೇನೆ, ಬರುತ್ತದೆ. ಅಂದು ಸಂಜೆ ಪುತ್ತೂರಿನ ದರ್ಬೆಯಲ್ಲಿ, ಇಸುಬು ಬ್ಯಾರಿಗಳ ಜೀನಸಿನ ಅಂಗಡಿಯಿಂದ ತಂದ ಬೆಲ್ಲದ ಪೊಟ್ಟಣವನ್ನು ನಾನು ಬಿಚ್ಚಿದಾಗ, ಸ್ಕಾಟ್ಲೆಂಡಿನ ಒಬ್ಬ ಫುಟ್‌ಬಾಲ್ ಆಟಗಾರ ಮೊಣಕಾಲು ಹಿಡಿದುಕೊಂಡು ಅದರೊಳಗಿನಿಂದ ಹೊರಗೆ ಬಂದ.

ಹೀಗೆ ತೇದಿಯಿಂದ ಆರಂಭಿಸಿದ್ದಕ್ಕೆ ಓದುಗರು ಕ್ಷಮಿಸಬೇಕು. ಮೂವತ್ತು ವರ್ಷಕ್ಕೂ ಮಿಕ್ಕಿ ಶಾಸನಗಳ ಕಾಲನಿರ್ಣಯ ಮಾಡಿಕೊಂಡಿದ್ದವನಿಗೆ ಬೇರೆ ರೀತಿಯಲ್ಲಿ ಮಾತು ತೆಗೆಯಲು ಬರುವುದಿಲ್ಲ. ಮದುವೆಯ ಕರೆಯೋಲೆ ಬಂದರೂ ನಾನು ಮೊದಲು ನೋಡುವುದು ವಧೂವರರ ಹೆಸರನ್ನಲ್ಲ, ತೇದಿಗೂ ವಾರಕ್ಕೂ ತಿಥಿಗೂ ಹೊಂದಿಕೆ ಇದೆಯೇ ಎಂಬುದನ್ನು. ಒಮ್ಮೆ ಹೊಂದಲಿಲ್ಲ. ಹುಡುಗಿಯ ತಂದೆಗೆ ವಿವರವಾಗಿ ಪತ್ರ ಬರೆದು ತಿಳಿಸಿದೆ. ಅವರು ಉತ್ತರ ಬರೆಯಲಿಲ್ಲ. ಅವರ ಎರಡನೆಯ ಮಗಳ ಮದುವೆಗೆ ನಮಗೆ ಕರೆಯೋಲೆಯೂ ಬರಲಿಲ್ಲ. "ನಿಮಗೆ ತೇದಿ ಸಿಕ್ಕಿತು, ನನಗೆ ಹೋಳಿಗೆ ತಪ್ಪಿತು" ಎಂದು ನನ್ನ ಹೆಂಡತಿ ಇಂದಿಗೂ ಹೇಳುವುದುಂಟು.

ನೋಟುಪುಸ್ತಕ ಸಿಕ್ಕಿದ್ದು ಕಳೆದ ವರ್ಷ, ವಿದ್ಯುತ್ ಮೀಟರಿನ ಯಾವುದೋ ಕಾಗದಕ್ಕಾಗಿ ಕಪಾಟು ತಡಕಾಡುವಾಗ. ಅದರ ನಾಲ್ಕು ಪುಟಗಳು ಮಾತ್ರ ಬಳಕೆಯಾಗಿವೆ. ಮೊದಲ ಮೂರರಲ್ಲಿ ಇಂಗ್ಲಿಷ್ ಪತ್ರಿಕೆಯ ಚೂರುಗಳನ್ನು ಗಂಜಿಯಿಂದ ಅಂಟಿಸಿ, ಪ್ರತಿಯೊಂದರ ಕೆಳಗೆ ಅದು ಕೈಗೆ ಬಂದ ತೇದಿ ಮತ್ತು ಅದರಲ್ಲಿ ಕಟ್ಟಿ ಬಂದ ಪದಾರ್ಥ ಯಾವುದೆಂದು ಬರೆದಿದ್ದೇನೆ: ಬೆಲ್ಲ, ಒಣಮೆಣಸು, ಕೊತ್ತಂಬರಿ. ನಾಲ್ಕನೆಯ ಪುಟದಲ್ಲಿ ಗಂಡಸರ ಟೋಪಿಯ ಒಂದು ಜಾಹೀರಾತು ಇದೆ, ಕೆಳಗೆ ಏನನ್ನೂ ಬರೆದಿಲ್ಲ. ಟೋಪಿಗೂ ನನಗೂ ಎಂದೂ ಸಂಬಂಧವಿರಲಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಏನೋ ಒಂದು ಶೋಕಿ ಮನಸ್ಸಿಗೆ ಬಂದಿರಬೇಕು ಎಂದುಕೊಂಡು ಪುಸ್ತಕ ಮುಚ್ಚಿದೆ.

ಇಸುಬು ಬ್ಯಾರಿಗಳ ಕಾಗದದ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಆ ಕಾಲದಲ್ಲಿ ವಿಲಾಯತಿಯ ಹಳೆಯ ಪತ್ರಿಕೆಗಳು ಕಟ್ಟುಕಟ್ಟಾಗಿ ಹಡಗಿನಲ್ಲಿ ರದ್ದಿಯಾಗಿ ಬರುತ್ತಿದ್ದವು. ಬ್ಯಾರಿಗಳು ಮಂಗಳೂರಿನ ಬಂದರಿನಿಂದ ಅವನ್ನು ತರಿಸುತ್ತಿದ್ದರು. ಹಾಳೆ ದೊಡ್ಡದು, ದಪ್ಪ, ನಮ್ಮ ಪತ್ರಿಕೆಗಳ ಹಾಗೆ ಬೆಲ್ಲದ ಜಿಗುಟಿಗೆ ಹರಿಯುವಂಥದಲ್ಲ. "ಇಂಗ್ಲಿಷಿನ ಮಸಿ ಬೆಲ್ಲಕ್ಕೆ ಹಿಡಿಯುದಿಲ್ಲ ಮಾಷ್ಟ್ರೆ, ಕನ್ನಡದ್ದು ಬೇಗ ಹಿಡಿತದೆ" ಎಂದು ಅವರು ಭಾಷಾಶಾಸ್ತ್ರದ ಗಾಂಭೀರ್ಯದಿಂದ ಹೇಳುತ್ತಿದ್ದರು.

ಕಟ್ಟು ಬಿಚ್ಚಿದೊಡನೆ ಅವರು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಪ್ರತಿ ಹಾಳೆಯ ನೆತ್ತಿಯ ಅಂಚನ್ನು ಮರದ ಅಡಿಕೋಲು ಇಟ್ಟು ನೇರವಾಗಿ ಹರಿದು ತೆಗೆಯುವುದು. ಬೆರಳಗಲದ ಆ ಪಟ್ಟಿಗಳನ್ನು ಅಂಗಡಿಯ ಕಂಬಕ್ಕೆ ಕಟ್ಟಿದ ಡಬ್ಬಿಯಲ್ಲಿ ನಿಲ್ಲಿಸಿಡುತ್ತಿದ್ದರು. ಪಕ್ಕದಲ್ಲಿ ಒಂದು ಚಿಮಿಣಿ ದೀಪ ಸದಾ ಉರಿಯುತ್ತಿತ್ತು. ಬೀಡಿ ಕೊಂಡವರು ಡಬ್ಬಿಯಿಂದ ಒಂದು ಪಟ್ಟಿ ಎಳೆದು, ದೀಪಕ್ಕೆ ಹಿಡಿದು, ಬೀಡಿ ಹೊತ್ತಿಸಿಕೊಂಡು ಹೋಗುತ್ತಿದ್ದರು. ಪತ್ರಿಕೆಯ ತೇದಿ ಇರುವುದು ಆ ಅಂಚಿನಲ್ಲಿಯೇ. ಹೀಗಾಗಿ ದರ್ಬೆಯ ಬೀಡಿಗಳು ವಿಲಾಯತಿಯ ತೇದಿಗಳನ್ನೆಲ್ಲ ಸುಟ್ಟು, ನಮ್ಮ ಕೈಗೆ ಬರಿಯ ಘಟನೆಗಳನ್ನು ಉಳಿಸುತ್ತಿದ್ದವು. ಕಟ್ಟಿನೊಳಗೆ ಹಾಳೆಗಳು ಹಿಂದುಮುಂದಾಗಿ ಸೇರಿರುತ್ತವೆ, ಅಡಿಯದು ಮೇಲಿನದಕ್ಕಿಂತ ಹತ್ತು ವರ್ಷ ಹಳೆಯದಿರಬಹುದು ಎಂಬ ಯೋಚನೆ ನಮಗೆ ಬರಲಿಲ್ಲ. ಇಂದು ಕೈಗೆ ಬಂದದ್ದು ಇಂದಿನ ಸುದ್ದಿ, ಮುಂದಿನ ವಾರ ಬಂದದ್ದು ಅದರ ಮುಂದಿನ ಸುದ್ದಿ.

"ನಮಗೆ" ಎಂದೆ. ಇನ್ನೊಬ್ಬ ಕುಶಾಲಪ್ಪ. ಸಂಪಾಜೆ ಕಡೆಯ ಗೌಡರ ಮನೆಯವನು, ನಾಲ್ವರು ಅಣ್ಣತಮ್ಮಂದಿರಲ್ಲಿ ಮೂರನೆಯವನು, ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ನನ್ನೊಡನೆ ಕನ್ನಡ. ಪುತ್ತೂರಿನ ಒಂದು ಮರದ ಡಿಪೋದಲ್ಲಿ ದಿಮ್ಮಿ ಅಳೆಯುವ ಹಂಗಾಮಿ ಕೆಲಸ ಅವನದು. ನಾನು ಆಗ ಪ್ರಾಥಮಿಕ ಶಾಲೆಯೊಂದರಲ್ಲಿ ಮಾಸ್ತರ, ಶಾಸನಗಳ ಕೆಲಸ ಆಮೇಲೆ ಬಂದದ್ದು. ಬ್ಯಾರಿಗಳ ಅಂಗಡಿಯ ಮಾಳಿಗೆಯ ಕೋಣೆಯಲ್ಲಿ ನಾವಿಬ್ಬರೂ ಬಿಡಾರ ಮಾಡಿದ್ದೆವು. ಅಡುಗೆ ಅವನು, ಪಾತ್ರೆ ನಾನು.

ಕುಶಾಲಪ್ಪ ಬರಿಗಾಲಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಆಟದ ಬಗ್ಗೆ ನನಗೆ ಆಗಲೂ ತಿಳಿಯದು, ಈಗಲೂ ತಿಳಿಯದು. ಆದರೆ ಅವನ ಕಾಲಿಗೆ ಬಂದ ಚೆಂಡು ಸ್ವಂತ ಮನೆಗೆ ಬಂದ ಹಾಗೆ ನಿಲ್ಲುತ್ತಿತ್ತು, ಅಷ್ಟು ನಾನು ಬಲ್ಲೆ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಆಲಂಕಾರಿನ (ಇಂದು ಅದು ಕಡಬ ತಾಲೂಕು, ಆಗ ಪುತ್ತೂರಿನದೇ) ಕೊಯ್ಲಾದ ಗದ್ದೆಯೊಂದರಲ್ಲಿ ಆಡುವಾಗ, ಚೆಂಡಿನ ಹಿಂದೆ ಓಡಿ ಗದ್ದೆಯ ಹುಣಿಗೆ ಎಡವಿ ಬಿದ್ದ. ಹುಣಿಯೆಂದರೆ ಗದ್ದೆಯ ಅಂಚಿನ ಮಣ್ಣಿನ ಕಟ್ಟೆ; ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಎಡಗಾಲಿನ ಮೊಣಕಾಲು ತಿರುಚಿತು. ಆಲಂಕಾರಿನ ನಾಟಿ ಪಂಡಿತರು ಎಣ್ಣೆ ಹಚ್ಚಿ, ಸೊಪ್ಪು ಕಟ್ಟಿ, "ನಡೆಯಲಿಕ್ಕೆ ಅಡ್ಡಿಯಿಲ್ಲ, ಓಟ ಇನ್ನು ಬೇಡ" ಎಂದುಬಿಟ್ಟರು.

ಓಟ ಬೇಡವೆಂದರೆ ಬದುಕು ಬೇಡವೆಂದ ಹಾಗಾಯಿತು. ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯವರು ತಮ್ಮದೇ ಒಂದು ತಂಡ ಕಟ್ಟಿದ್ದರು. ಆ ತಂಡಕ್ಕೆ ಆಯ್ಕೆಯಾದವನಿಗೆ ಕಾರ್ಖಾನೆಯಲ್ಲಿ ಖಾಯಂ ಕೆಲಸ. ಡಿಸೆಂಬರ್ 31ರ ಆದಿತ್ಯವಾರ ಆ ತಂಡ ಪುತ್ತೂರಿಗೆ ಬಂದು ನಮ್ಮ ಊರಿನವರೊಡನೆ ಆಡುವುದೆಂದೂ, ಕಾರ್ಖಾನೆಯ ಮ್ಯಾನೇಜರರು ಸ್ವತಃ ನೋಡಿ ಒಬ್ಬನನ್ನು ಆರಿಸಿಕೊಂಡು ಹೋಗುವರೆಂದೂ ನಿಶ್ಚಯವಾಗಿತ್ತು. ಡಿಪೋದ ಕೆಲಸ ಮುಂದಿನ ಮಳೆಗಾಲಕ್ಕೆ ಮುಗಿಯುವಂಥದು. ಆಮೇಲೆ ಕುಶಾಲಪ್ಪ ಊರಿಗೆ ಹೋಗಿ ಅಣ್ಣಂದಿರ ಕೈಕೆಳಗೆ ಆಳಿನಂತೆ ನಿಲ್ಲಬೇಕಿತ್ತು. ಊರಿನ ತಂಡದವರು ಅವನ ಹೆಸರನ್ನು ಪಟ್ಟಿಯಲ್ಲಿ ಇಟ್ಟಿದ್ದರು. ಹೊಡೆದುಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಅವನೇ ಬರುವುದಿಲ್ಲವೆಂದು ಹೇಳಲಿ ಎಂದು ಕಾಯುತ್ತಿದ್ದರು.

ಇಂಥ ಹೊತ್ತಿನಲ್ಲಿ ಬೆಲ್ಲದ ಪೊಟ್ಟಣ ಬಿಚ್ಚಿಕೊಂಡಿತು. ಚಿತ್ರದಲ್ಲಿ ಇಬ್ಬರು ಒಬ್ಬನನ್ನು ಎತ್ತಿಕೊಂಡು ಮೈದಾನದಿಂದ ಹೊರಗೆ ಬರುತ್ತಿದ್ದಾರೆ. ಅವನ ಎರಡು ಕೈಗಳೂ ಎಡಮೊಣಕಾಲಿನ ಮೇಲೆ. ಮುಂದಲೆಯ ಕೂದಲು ಹಿಂದೆ ಸರಿದಿದೆ. ಕುಶಾಲಪ್ಪ ಒಲೆ ಊದುವುದನ್ನು ಬಿಟ್ಟು ಬಂದು ನೋಡಿದ.

"ಇವ ಯಾರು ಮಾಷ್ಟ್ರೆ? ಆಲಂಕಾರಿನಲ್ಲಿ ನಾನು ಹಿಡಿದುಕೊಂಡ ಹಾಗೆಯೇ ಹಿಡಿದುಕೊಂಡಿದ್ದಾನಲ್ಲ!"

ನಾನು ಓದಿ ಕನ್ನಡದಲ್ಲಿ ಹೇಳಿದೆ. ಹೆಸರು ಕಿನ್ಲಾಕ್; ಮೊದಲ ಹೆಸರು ಹರಿದುಹೋಗಿತ್ತು. ಸ್ಕಾಟ್ಲೆಂಡಿನವನು. ಮೊಣಕಾಲಿಗೆ ಪೆಟ್ಟಾಗಿದೆ, ಇನ್ನು ಆಡುವುದು ಸಂಶಯವೆಂದು ವೈದ್ಯರು ಹೇಳಿದ್ದಾರೆ.

"ಅಲ್ಲಿಯ ಡಾಕ್ಟ್ರೂ ಹಾಗೆಯೇ ಹೇಳುದಾ?"

"ಹಾಗೆಯೇ."

"ಹಾಗಾದ್ರೆ ನಮ್ಮ ಪಂಡಿತರದ್ದು ತಪ್ಪಲ್ಲ ಬಿಡಿ" ಎಂದು ನಕ್ಕ. ನಕ್ಕವನು ಊಟಕ್ಕೆ ಏಳಲಿಲ್ಲ.

ಚೂರನ್ನು ಎಸೆಯಲು ಅವನು ಬಿಡಲಿಲ್ಲ. ಅದಕ್ಕಾಗಿಯೇ ಈ ನೋಟುಪುಸ್ತಕ ಹುಟ್ಟಿತು. ಸುದ್ದಿ ಕೆಳಗೆ ಅಂಗಡಿಗೂ ಇಳಿಯಿತು. ಬ್ಯಾರಿಗಳಿಗೆ ಕಿನ್ಲಾಕ್ ಎಂಬ ಹೆಸರು ನಾಲಗೆಗೆ ಒಗ್ಗಲಿಲ್ಲ. ಪೇಟೆಯಲ್ಲಿ ಕೊಂಕಣಿಗರ ಜವಳಿ ಅಂಗಡಿಯ ಕಿಣಿಯವರ ಪರಿಚಯವಿದ್ದುದರಿಂದ ಇವನನ್ನೂ ಕಿಣಿ ಎಂದೇ ಕರೆದರು. "ಪಾಪ, ಕಿಣಿಯ ಕಾಲು ಹೇಗುಂಟು?" ಎಂದು ದಿನವೂ ವಿಚಾರಿಸುತ್ತಿದ್ದರು, ಸರಕಾರಿ ಆಸ್ಪತ್ರೆಯಲ್ಲಿ ಮಲಗಿದ ನೆರೆಯವನನ್ನು ಕೇಳುವ ಹಾಗೆ.

ಡಿಸೆಂಬರ್ 9, ಶನಿವಾರ. ಆಧಾರ: ಪುಟ ಎರಡು, ಒಣಮೆಣಸು. ಸಂಜೆ ಕೆಳಗಿನಿಂದ ಬ್ಯಾರಿಗಳ ಕೂಗು ಕೇಳಿತು.

"ಗೌಡ್ರೇ! ಬೇಗ ಇಳೀರಿ ಮಾರಾಯ್ರೆ! ನಿಮ್ಮ ಕಿಣಿ ಹಾರ್ತಾ ಇದ್ದಾನೆ!"

ಕುಶಾಲಪ್ಪ ಎರಡೆರಡು ಮೆಟ್ಟಿಲು ಇಳಿದ. ಅಷ್ಟು ದಿನ ಒಂದೊಂದನ್ನೇ ಇಳಿಯುತ್ತಿದ್ದವನು. ತಕ್ಕಡಿಯ ಪಕ್ಕದಲ್ಲಿ ಹರಡಿದ್ದ ಹಾಳೆಯಲ್ಲಿ ಕಿನ್ಲಾಕ್ ನೆಲದಿಂದ ಆಳೆತ್ತರಕ್ಕೆ ಜಿಗಿದು ತಲೆಯಿಂದ ಚೆಂಡನ್ನು ಗೋಲಿಗೆ ಹೊಡೆಯುತ್ತಿದ್ದ. ಮೆಣಸು ಕೊಳ್ಳಲು ಬಂದಿದ್ದ ಹೆಂಗಸು ತನ್ನ ಪದಾರ್ಥ ಸೆರಗಿನಲ್ಲಿ ಕಟ್ಟಿಕೊಂಡು ಹೋಗಬೇಕಾಯಿತು.

"ಅವನೇ ಹೌದಾ? ಸರಿ ನೋಡಿ ಮಾಷ್ಟ್ರೆ" ಎಂದ ಕುಶಾಲಪ್ಪ, ಉಸಿರು ಹಿಡಿದು.

"ಹೆಸರು ಅದೇ. ಮುಖವೂ ಅದೇ. ಎರಡು ಗೋಲು ಹೊಡೆದನಂತೆ."

"ಮಂಡೆಯ ಎದುರು ಕೂದಲು ಇರಲಿಲ್ಲ ಅಲ್ವಾ ಇವನಿಗೆ? ಈಗ ಪೊದೆಯ ಹಾಗೆ ಉಂಟು!"

ಬ್ಯಾರಿಗಳು ಕನ್ನಡಕ ಹಾಕಿಕೊಂಡು ಎರಡು ಚಿತ್ರಗಳನ್ನೂ ಹೋಲಿಸಿ ನೋಡಿದರು. ಆಮೇಲೆ ತೀರ್ಪು ಕೊಟ್ಟರು. "ಇಷ್ಟು ದಿನ ಆಸ್ಪತ್ರೆಯಲ್ಲಿ ಮಲಗಿದ್ದ ಅಲ್ವಾ? ಒಳ್ಳೆ ಎಣ್ಣೆ ಹಾಕಿದ್ದಾರೆ. ವಿಲಾಯತಿಯ ಎಣ್ಣೆ ಮಾರಾಯ್ರೆ, ಕಾಲಿಗೂ ಬಂತು, ಕೂದಲಿಗೂ ಬಂತು."

ಈ ವಿವರಣೆಯನ್ನು ಮೂವರೂ ಒಪ್ಪಿಕೊಂಡೆವು. ಮುಂದೆ ಒಂದಕ್ಷರದ ತಿರುವನ್ನು ಹಿಡಿದು ಒಂದು ಶಾಸನವನ್ನು ಐವತ್ತು ವರ್ಷ ಹಿಂದಕ್ಕೆ ತಳ್ಳಿ, ಹಿರಿಯ ವಿದ್ವಾಂಸರೊಡನೆ ಜಗಳಕ್ಕೆ ನಿಂತ ನಾನು, ಒಬ್ಬ ಮನುಷ್ಯನ ನೆತ್ತಿಯ ಇಷ್ಟು ಸ್ಪಷ್ಟವಾದ ಸಾಕ್ಷ್ಯವನ್ನು ತಲೆಗೆ ಹಾಕುವ ಎಣ್ಣೆಗೆ ಬಿಟ್ಟುಕೊಟ್ಟೆ.

ಮರುದಿನ ಬೆಳಕು ಹರಿಯುವ ಮೊದಲೇ ಕುಶಾಲಪ್ಪ ಎದ್ದು ಹೊರಟ. ದರ್ಬೆಯ ಹಿಂದಿನ ಗುಡ್ಡದ ಗೇರುತೋಪಿನವರೆಗೆ ಮೊದಲು ನಡೆದ, ಮೂರನೆಯ ದಿನ ಓಡಿದ. ಮೊಣಕಾಲಿಗೆ ನನ್ನ ಹಳೆಯ ಪಂಚೆಯ ಪಟ್ಟಿ. ಬಿಸಿನೀರು ಕಾಯಿಸುವುದು ನನ್ನ ಪಾಲಿಗೆ ಬಂತು. ಕೆಲವು ಸಲ ಅವನು ಕುಂಟುತ್ತ ಹಿಂದೆ ಬಂದು, ಗೋಡೆ ಹಿಡಿದು, ಹಲ್ಲು ಕಚ್ಚಿ ಕೂತುಬಿಡುತ್ತಿದ್ದ. ಆಗ "ನೋಟುಪುಸ್ತಕ ಕೊಡಿ" ಎನ್ನುತ್ತಿದ್ದ. ಎರಡನೆಯ ಪುಟವನ್ನು ನೋಡಿ ಮತ್ತೆ ಏಳುತ್ತಿದ್ದ.

ಡಿಸೆಂಬರ್ 16, ಕೊತ್ತಂಬರಿ. ಇದರಲ್ಲಿ ಕಿನ್ಲಾಕ್ ಕಲ್ಲಿದ್ದಲಿನ ಗಣಿಯ ಬಾಯಿಯಲ್ಲಿ ಮಸಿ ಮೆತ್ತಿಕೊಂಡ ಮುಖದೊಡನೆ ನಿಂತಿದ್ದಾನೆ, ತೀರ ಎಳೆಯ ಮುಖ. ವಾರವಿಡೀ ಗಣಿಯೊಳಗೆ ದುಡಿತ, ಶನಿವಾರ ಮಾತ್ರ ಆಟ ಎಂದು ಕೆಳಗೆ ಬರೆದಿತ್ತು. ಕಾಲು ಮುರಿದುಕೊಂಡು, ಗುಣವಾಗಿ, ಗೋಲು ಹೊಡೆದು, ಅದಾದ ಮೇಲೆ ಅವನು ಗಣಿಗೆ ಇಳಿದನೇಕೆ ಎಂದು ನಾನು ಗೊಂದಲಗೊಂಡೆ. ಕುಶಾಲಪ್ಪನಿಗೆ ಗೊಂದಲವೇ ಆಗಲಿಲ್ಲ.

"ಇದರಲ್ಲಿ ಎಂತ ಉಂಟು ಮಾಷ್ಟ್ರೆ? ಗೋಲು ಹೊಡೆದವನಿಗೆ ಅನ್ನ ಬೇಡ್ವಾ? ನಾನೂ ಆದಿತ್ಯವಾರ ಗೋಲು ಹೊಡೆದು ಸೋಮವಾರ ದಿಮ್ಮಿ ಅಳೆಯಲಿಕ್ಕೆ ಹೋಗುದೇ ಅಲ್ವಾ?" ಎಂದ. ಆಮೇಲೆ ಚಿತ್ರದ ಮುಖವನ್ನು ಬೆರಳಿನಿಂದ ಮುಟ್ಟಿ ಹೇಳಿದ: "ಬಡವರ ಮನೆಯವ. ಅದಕ್ಕೇ ಎದ್ದ."

ಇದಾದ ಮೇಲೆ ಬೇರೆ ಚೂರು ಬರಲಿಲ್ಲವೆಂದು ನನ್ನ ನೆನಪು. ಪಂದ್ಯದ ಹಿಂದಿನ ವಾರ ಕುಶಾಲಪ್ಪ ಎರಡು ಮೂರು ಸಲ ಕೇಳಿದ್ದ, "ಕಿಣಿಯದ್ದು ಬೇರೆ ಎಂತಾದ್ರೂ ಬಂತಾ ಮಾಷ್ಟ್ರೆ?" ಎಂದು. ಬ್ಯಾರಿಗಳ ಕಟ್ಟು ಮುಗಿಯಿತು, ಹೊಸ ಕಟ್ಟು ಬಂದಿಲ್ಲ ಎಂದು ಹೇಳಿದ್ದೆ.

ಡಿಸೆಂಬರ್ 31. ಶಾಲೆಯ ಮೈದಾನದ ಸುತ್ತ ಜನ. ಬ್ಯಾರಿಗಳು ಅಂಗಡಿಗೆ ಬೀಗ ಹಾಕಿ ಬಂದಿದ್ದರು. ಶುಕ್ರವಾರದ ನಮಾಜಿಗಲ್ಲದೆ ಬೇರೆ ಕಾರಣಕ್ಕೆ ಅವರು ಬೀಗ ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮ್ಯಾನೇಜರರು ಕುರ್ಚಿಯಲ್ಲಿ ಕೊಡೆ ಹಿಡಿದು ಕೂತಿದ್ದರು. ನಾನು ಎದುರಿನ ಸಾಲಿನಲ್ಲಿ ಜಾಗ ಸಿಕ್ಕಿದರೂ ಕೂರದೆ, ಮೂಲೆಯ ಹಲಸಿನ ಮರದ ಹಿಂದೆ ನಿಂತು ನೋಡಿದೆ. ಬಿಸಿಲು ಹೆಚ್ಚಿತ್ತು ಎಂದು ಆಮೇಲೆ ಎಲ್ಲರಿಗೂ ಹೇಳಿದೆ.

ಅರ್ಧ ಆಟ ಮುಗಿಯುವವರೆಗೂ ಕುಶಾಲಪ್ಪ ಕಾಲು ಉಳಿಸಿಕೊಂಡೇ ಆಡಿದ. ಮ್ಯಾನೇಜರರು ಎರಡು ಬಾರಿ ಆಕಳಿಸಿದರು. ಉಳಿದರ್ಧದಲ್ಲಿ ಚೆಂಡು ಅವನಿಗೆ ನಡುಮೈದಾನದಲ್ಲಿ ಸಿಕ್ಕಿತು. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಮೂರನೆಯವನು, ಎತ್ತಿನಂಥ ಆಳು, ಪಕ್ಕದಿಂದ ಬಂದು ಅವನ ಎಡಗಾಲಿಗೆ ಅಪ್ಪಳಿಸಿದ. ಕುಶಾಲಪ್ಪ ಬಿದ್ದ. ಎರಡು ಕೈಗಳೂ ಮೊಣಕಾಲಿನ ಮೇಲೆ ಹೋದವು, ಮೊದಲ ಪುಟದ ಚಿತ್ರದಲ್ಲಿದ್ದ ಹಾಗೆಯೇ.

ನಾನು ಮರದ ತೊಗಟೆಯನ್ನು ಹಿಡಿದುಕೊಂಡಿದ್ದೆ; ಅಂಗೈಗೆ ಹಲಸಿನ ಮೇಣ ಅಂಟಿ ಎರಡು ದಿನ ಹೋಗಲಿಲ್ಲ. "ಇವನನ್ನು ಕೊಂದೆ" ಎಂಬ ಮಾತು ನನ್ನೊಳಗೆ ಎದ್ದದ್ದು ನೆನಪಿದೆ. ನಾನು ಏನು ಮಾಡಿದ್ದೆ ಅವನನ್ನು ಕೊಲ್ಲುವಂಥದು? ಬಿಸಿನೀರು ಕಾಯಿಸಿದ್ದೆ, ಅಷ್ಟೆ. ಆ ಹೆದರಿಕೆಯ ಕಾರಣವನ್ನು ನಾನು ಎಂದೂ ವಿಚಾರಿಸಿಕೊಳ್ಳಲಿಲ್ಲ.

ಆಮೇಲೆ ಕುಶಾಲಪ್ಪ ಬಲಗೈ ಊರಿ, ಬಲಗಾಲು ಊರಿ, ನಿಧಾನವಾಗಿ ನಿಂತ.

"ಕಿಣಿ ಎದ್ದ!" ಎಂದು ಬ್ಯಾರಿಗಳು ಟೊಪ್ಪಿ ತೆಗೆದು ಬೀಸಿ ಕೂಗಿದರು. ಇಡೀ ಸಾಲು ಅವರನ್ನು ತಿರುಗಿ ನೋಡಿತು. ಕಿಣಿ ಯಾರೆಂದು ತಿಳಿಯದವರೂ ಕೂಗಿದರು.

ಗೋಲು ಹೊಡೆದದ್ದು ಬೇರೊಬ್ಬ. ಚೆಂಡು ಒದಗಿಸಿದವನು ಕುಶಾಲಪ್ಪ. ಆಟ ಮುಗಿದ ಮೇಲೆ ಮ್ಯಾನೇಜರರು ಅವನ ಹತ್ತಿರ ಹೋಗಿ ಮೊಣಕಾಲನ್ನು ತೋರಿಸಿ ಏನೋ ಕೇಳಿದರು. "ಹಳೆಯ ಪೆಟ್ಟು ಸಾರ್, ಗುಣ ಆಗಿದೆ. ಸ್ಕಾಟ್ಲೆಂಡಿನಲ್ಲಿ ಒಬ್ಬನಿಗೂ ಹೀಗೆಯೇ ಆಗಿ ಗುಣ ಆಯ್ತು" ಎಂದನಂತೆ ಇವನು. ಫೆಬ್ರವರಿಯಲ್ಲಿ ಅವನು ತನ್ನ ತಗಡಿನ ಪೆಟ್ಟಿಗೆ ಹೊತ್ತು ಮಂಗಳೂರಿನ ಬಸ್ಸು ಹತ್ತಿದ. ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಇದ್ದ. ಪಾತ್ರೆ ತೊಳೆಯುತ್ತಿದ್ದ ನಾನು ಅಡುಗೆ ಕಲಿಯಬೇಕಾಯಿತು. ಅದು ನನಗೂ ಬ್ಯಾರಿಗಳಿಗೂ ಕಷ್ಟದ ಕಾಲ, ಏಕೆಂದರೆ ಸೀದು ಹೋದದ್ದರ ವಾಸನೆ ನೇರವಾಗಿ ಅಂಗಡಿಗೇ ಇಳಿಯುತ್ತಿತ್ತು.

ಕಳೆದ ವರ್ಷ ನೋಟುಪುಸ್ತಕ ಸಿಕ್ಕಿದಾಗ, ತೇದಿಯಿಲ್ಲದ ಈ ಮೂರು ಚೂರುಗಳು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಚೂರಿನಲ್ಲಿ ಕಂಡ ಊರಿನ ಹೆಸರು ಹಿಡಿದು ಅಲ್ಲಿಯ ಗ್ರಂಥಾಲಯಕ್ಕೆ ಪತ್ರ ಬರೆದೆ. ಎರಡು ತಿಂಗಳಲ್ಲಿ ಉತ್ತರ ಬಂತು. ಬರೆದವರು ತುಂಬ ಸಜ್ಜನರು. ಇಸವಿಗಳನ್ನೆಲ್ಲ ಕೊಟ್ಟಿದ್ದಾರೆ, ಈ ಒಂದು ಸಲ ಅವನ್ನು ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ, ಅನುಕ್ರಮ ಸಾಕು. ಕಿನ್ಲಾಕ್ ಮೊದಲು ಗಣಿಯಲ್ಲಿದ್ದ. ಅಲ್ಲಿಂದ ಆಟಕ್ಕೆ ಬಂದ. ಕೆಲವು ವರ್ಷ ಜನ ಹೆಗಲ ಮೇಲೆ ಹೊತ್ತು ತಿರುಗುವಷ್ಟು ಗೋಲು ಹೊಡೆದ. ಆಮೇಲೆ ಮೊಣಕಾಲು ಹೋಯಿತು. ಅಲ್ಲಿಗೆ ಮುಗಿಯಿತು. ಅವನು ಮತ್ತೆಂದೂ ಆಡಲಿಲ್ಲ.

ನಮ್ಮ ನೋಟುಪುಸ್ತಕವನ್ನು ಅವನು ಹಿಂದಿನಿಂದ ಮುಂದಕ್ಕೆ ಬದುಕಿದ್ದ.

ಇದನ್ನು ಕುಶಾಲಪ್ಪನಿಗೆ ಹೇಳಬೇಕೇ ಬೇಡವೇ ಎಂದು ನಾಲ್ಕು ದಿನ ಯೋಚಿಸಿದೆ. ತಪ್ಪು ಅನುಕ್ರಮವನ್ನು ಗೊತ್ತಿದ್ದೂ ಉಳಿಸುವುದು ನನ್ನ ವೃತ್ತಿಗೆ ಹೇಳಿದ್ದಲ್ಲ. ಕೊನೆಗೆ ಸಂಪಾಜೆಗೆ ಬಸ್ಸು ಹತ್ತಿದೆ. ಮಡಿಕೇರಿಯ ಘಟ್ಟ ಹತ್ತುವ ರಸ್ತೆಯ ಬದಿಯಲ್ಲಿ ಅವನ ಮಗಳು ಹೋಟೆಲು ನಡೆಸುತ್ತಾಳೆ. ಕುಶಾಲಪ್ಪ ಗಲ್ಲಾದ ಹಿಂದೆ ಕೂತು, ಘಟ್ಟ ಇಳಿದು ಬಂದ ಲಾರಿ ಚಾಲಕರನ್ನು ಗದರಿಸುತ್ತಿದ್ದ. ಎಡಗಾಲನ್ನು ಒಂದು ಸ್ಟೂಲಿನ ಮೇಲೆ ಚಾಚಿಕೊಂಡಿದ್ದ.

ನಾನು ಚಹಾ ಕುಡಿದು ಮುಗಿಸಿ, ಪತ್ರವನ್ನು ಕನ್ನಡದಲ್ಲಿ ಓದಿದೆ, ಆ ಕಾಲದಲ್ಲಿ ಓದುತ್ತಿದ್ದ ಹಾಗೆ.

"ಹಾಗಾದ್ರೆ ಅವ ಏಳಲೇ ಇಲ್ವಾ?"

"ಇಲ್ಲ."

"ಕೂದಲು?"

"ಮೊದಲು ಇತ್ತು. ಆಮೇಲೆ ಹೋಯಿತು."

ಅವನು ಗಲ್ಲಾಕ್ಕೆ ಕೈ ಊರಿ ನಕ್ಕ. "ಬ್ಯಾರಿಗಳು ಇರ್ಬೇಕಿತ್ತು ಮಾರಾಯ್ರೆ ಇದನ್ನು ಕೇಳ್ಲಿಕ್ಕೆ!" ನಕ್ಕು ಮುಗಿದ ಮೇಲೆ ಕಾಲನ್ನು ಸ್ಟೂಲಿನಿಂದ ಇಳಿಸಿದ. "ಪಾಪ," ಎಂದ. "ನನಗೆ ಅವನ ಕಾಗದ ಸಿಕ್ತು. ಅವನಿಗೆ ನನ್ನ ಕಾಗದದಲ್ಲಿ ಬೆಲ್ಲ ಕಟ್ಟಿ ಕೊಡುವವರು ಯಾರೂ ಇರ್ಲಿಲ್ಲ."

ನಾನು ಹೊರಡಲು ಎದ್ದಾಗ, ಚಿಲ್ಲರೆ ಎಣಿಸುತ್ತ ತಲೆಯೆತ್ತದೆ ಕೇಳಿದ: "ನಿಮಗೆ ಆಗ್ಲೇ ಗೊತ್ತಿತ್ತಾ ಮಾಷ್ಟ್ರೆ?"

"ಇಲ್ಲ ಕುಶಾಲಪ್ಪ. ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ?"

"ಅದೂ ಹೌದು" ಎಂದ.

ಇಲ್ಲಿಗೆ ಈ ಬರಹ ಮುಗಿಯಬೇಕಿತ್ತು. ಆದರೆ ಮನೆಗೆ ಬಂದ ಮೇಲೆ, ನೋಟುಪುಸ್ತಕವನ್ನು ಮತ್ತೆ ಕಪಾಟಿಗೆ ಸೇರಿಸುವ ಮೊದಲು, ನಾಲ್ಕನೆಯ ಪುಟದ ಟೋಪಿಯ ಮೂಲೆಯೊಂದು ಎದ್ದಿರುವುದು ಕಂಡಿತು. ಹಳೆಯ ಗಂಜಿಯನ್ನು ಬಿಡಿಸುವುದು ನನಗೆ ಗೊತ್ತಿರುವ ಕೆಲಸ. ಒದ್ದೆ ಬಟ್ಟೆಯನ್ನು ಕಾಲು ಗಂಟೆ ಹಾಸಿ, ಚೂರನ್ನು ಮೆಲ್ಲಗೆ ಎತ್ತಿ ಮಗುಚಿದೆ.

ಹಿಂಬದಿಯಲ್ಲಿ ಒಂದು ಚಿತ್ರ. ಪುಟ್ಟ ಅಂಗಡಿಯೊಂದರ ಗಲ್ಲಾದ ಹಿಂದೆ, ಕೂದಲು ಉದುರಿದ ಒಬ್ಬ ಮನುಷ್ಯ, ಕಂಕುಳಲ್ಲಿ ಊರುಗೋಲು, ಒಬ್ಬಳು ಹುಡುಗಿಗೆ ಮಿಠಾಯಿಯ ಪೊಟ್ಟಣ ಕೊಡುತ್ತಿದ್ದಾನೆ. ಕೆಳಗೆ ಎರಡು ಸಾಲು: ಮೊಣಕಾಲಿನ ಪೆಟ್ಟಿನ ನಂತರ ಮತ್ತೆಂದೂ ಆಡಲಾಗದ ಕಿನ್ಲಾಕ್ ಈಗ ಈ ಅಂಗಡಿಯನ್ನು ನಡೆಸುತ್ತಿದ್ದಾನೆ.

ಚೂರು ಅಂಟಿದ್ದ ಜಾಗದಲ್ಲಿ, ಪುಟದ ಮೇಲೆ, ಪೆನ್ಸಿಲಿನಲ್ಲಿ ನನ್ನದೇ ಅಕ್ಷರ: "23-12-1961. ಹುಣಸೆಹುಳಿ. ಕುಶಾಲಪ್ಪನಿಗೆ ಓದಿ ಹೇಳಲಿಲ್ಲ."

ಸಂಪಾಜೆಯಲ್ಲಿ ನಾನು ಹೇಳಿದ್ದಕ್ಕೂ ಈ ದಾಖಲೆಗೂ ಹೊಂದಿಕೆಯಿಲ್ಲ. ತೇದಿಯನ್ನು ಪಂಚಾಂಗದೊಡನೆ ಹೋಲಿಸಿ ನೋಡಿದೆ. ಶನಿವಾರ. ಅದು ಸರಿಯಾಗಿಯೇ ಇದೆ.